ಜಪಾನಿನ ಚೆನ್ನೆಮಣೆ

ಜಪಾನಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಇದ್ದಾನೆ, ಅಥವಾ ಇದ್ದ. ಅವನ ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಟಿವಿಗೆ ಸಿಕ್ಕಿಸಿ ಆಡುವ ಒಂದು ಆಟಕ್ಕೆ ಎಲ್ಲರ ಹಾಗೆ ನಾಲ್ಕು ಗುಂಡಿ ಕೊಟ್ಟು ಸುಮ್ಮನಾಗದೆ, ಅಂಗೈ ತುಂಬುವಂಥ ದುಂಡನೆಯ ಹಿಡಿಕೆಯೊಂದನ್ನು ಮಾಡಿ ಕೊಟ್ಟವನು ಅವನು. ಅವನಿಗೊಂದು ನಮಸ್ಕಾರ ಹಾಕದೆ ಕಥೆ ಶುರು ಮಾಡಿದರೆ ಉಂಡ ಅನ್ನ ನನ್ನ ಮೈಗೆ ಹತ್ತುವುದಿಲ್ಲ. ನಾನು ಸುಲಭಕ್ಕೆ ಯಾರಿಗೂ ಕೈ ಮುಗಿಯುವವಳಲ್ಲ. ಈ ಪ್ರಫುಲ್ಲಾ ಎಂಥವಳು ಅಂತ ತೆಕ್ಕಟ್ಟೆ ಪೇಟೆಯಲ್ಲಿ ಮೀನಿನವಳನ್ನೋ ಗ್ಯಾಸಿನವನನ್ನೋ ಕೇಳಿ ನೋಡಿ, ಹೇಳುತ್ತಾರೆ.

ಕಳೆದ ಬೇಸಿಗೆಯಲ್ಲಿ, ಮಾವಿನ ಮಿಡಿ ಉಪ್ಪಿಗೆ ಹಾಕುವ ಹೊತ್ತಿಗೆ, ನನ್ನ ಅತ್ತೆ ಗುಣವತಿಯವರಿಗೆ ಸ್ಟ್ರೋಕ್ ಆಯಿತು. ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದವರ ಬಲಗೈ ಅಲ್ಲೇ ಜೋತುಬಿತ್ತು. ಕುಂದಾಪುರದ ಆಸ್ಪತ್ರೆಗೆ ಬೇಗ ಮುಟ್ಟಿಸಿದ್ದರಿಂದ ಜೀವಕ್ಕೆ ಏನೂ ಆಗಲಿಲ್ಲ. ಕಾಲು ನಿಧಾನಕ್ಕೆ ದಾರಿಗೆ ಬಂತು. ನಾಲಿಗೆಯಂತೂ ಎಲ್ಲಕ್ಕಿಂತ ಮೊದಲು ಸರಿಯಾಯಿತು. ಗಂಜಿಗೆ ಉಪ್ಪಿಲ್ಲ ಎಂದು ಅವರು ಮಲಗಿದಲ್ಲಿಂದಲೇ ನನಗೆ ಬೈದಾಗ, ನನ್ನ ಗಂಡ ರವಿರಾಜ್ ಸಂತೋಷಕ್ಕೆ ಅತ್ತೇಬಿಟ್ಟರು. ಬೈಸಿಕೊಂಡವಳು ನಾನು, ಅತ್ತವರು ಅವರು.

ಬಲಗೈ ಮಾತ್ರ ಬರಲಿಲ್ಲ. ಭುಜ ಎತ್ತುತ್ತಿತ್ತು, ಮೊಣಕೈ ಮಡಚುತ್ತಿತ್ತು, ಆದರೆ ಮಣಿಕಟ್ಟು ತಿರುಗುತ್ತಿರಲಿಲ್ಲ, ಬೆರಳು ಹಿಡಿದದ್ದನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಬಟ್ಟೆ ಉಡಿಸುವುದಕ್ಕೆ, ತಲೆ ಬಾಚುವುದಕ್ಕೆ ಅತ್ತೆ ನನ್ನನ್ನು ಬಿಡುತ್ತಿದ್ದರು. ಉಣಿಸುವುದು ಮಾತ್ರ ಕೂಡದು. ಎಡಗೈಯಲ್ಲಿ ಚಮಚ ಹಿಡಿದು, ಒಳಕೋಣೆಯ ಬಾಗಿಲು ಹಾಕಿಕೊಂಡು, ಒಬ್ಬರೇ ಉಣ್ಣುತ್ತಿದ್ದರು. ಎಡಗೈಯಲ್ಲಿ ಉಣ್ಣುವುದನ್ನು ಮಗನೂ ನೋಡಬಾರದು, ಮೊಮ್ಮಗಳೂ ನೋಡಬಾರದು. ಒಂದೇ ಕೈಯಲ್ಲಿ ಚಮಚ ಹಿಡಿದು ಬಂಗುಡೆಯ ಮುಳ್ಳು ತೆಗೆಯುವುದು ದೇವರಿಂದಲೂ ಆಗದ ಕೆಲಸ, ಹಾಗಾಗಿ ಮೀನೇ ಬಿಟ್ಟರು. ನಮ್ಮ ಕಡೆ ಒಬ್ಬರು ವ್ರತ ಇಲ್ಲದೆ ಮೀನು ಬಿಟ್ಟರೆಂದರೆ ಬದುಕುವ ಆಸೆ ಅರ್ಧ ಬಿಟ್ಟ ಹಾಗೆ. ಜಂಪರಿನ ತೋಳು ಸಡಿಲಾಗುತ್ತ ಹೋಯಿತು. ಎಲ್ಲರ ಜೊತೆ ಕೂತು ಸ್ವಂತ ಕೈಯಲ್ಲಿ ಅನ್ನ ಕಲಸಿ ಉಣ್ಣುವುದು ಬಿಟ್ಟು ಅವರಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬದಲಿಗೆ ನಾನು ಬೇಯಿಸಿದ್ದಕ್ಕೆಲ್ಲ ಕೊಂಕು ತೆಗೆಯುತ್ತಿದ್ದರು.

ಕುಂದಾಪುರದಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ಹುಡುಗಿ ಕ್ಷಮಾ. ಹೆಸರಿಗೆ ತಕ್ಕ ತಾಳ್ಮೆ. ಹಿಸುಕುವುದಕ್ಕೆ ರಬ್ಬರಿನ ಚೆಂಡು ಕೊಟ್ಟಳು, ತಿರುಗಿಸುವುದಕ್ಕೆ ಮರದ ಕೋಲು ಕೊಟ್ಟಳು, ಮೊದಲ ಕೆಲವು ತಿಂಗಳೇ ಮುಖ್ಯ, ಈಗ ಬಿಟ್ಟರೆ ಕೈ ಮರೆತುಬಿಡುತ್ತದೆ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಅತ್ತೆ ಚೆಂಡನ್ನು ಪಕ್ಕದ ಮನೆಯ ನಾಯಿಮರಿಗೆ ಎಸೆದರು. ಕೋಲು ಬಚ್ಚಲ ಒಲೆಗೆ ಹೋಯಿತು. ನಾನು ಕೂಗಾಡಿದೆ. ಅವರು ಕಿವಿ ಕೇಳದವರ ಹಾಗೆ ಕೂತರು.

ಮಳೆಗಾಲದ ಆಸಾಡಿ ತಿಂಗಳು ಹಿಡಿದ ಮೇಲೆ ಶಿರೂರಿನಿಂದ ಅತ್ತೆಯ ತಮ್ಮ ರಾಜೇಂದ್ರ ಮಾವ ಅಕ್ಕನನ್ನು ನೋಡಲು ಬಂದರು. ಹರೆಯವನ್ನೆಲ್ಲ ಸರಕಿನ ಹಡಗಿನಲ್ಲಿ ಅಡುಗೆಯವರಾಗಿ ಕಳೆದವರು. ಅವರು ನೋಡದ ಬಂದರಿಲ್ಲ, ಹೇಳಿದ್ದರಲ್ಲಿ ಅರ್ಧ ನಂಬುವ ಹಾಗಿಲ್ಲ. ಅಕ್ಕನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಬೆರಳು ಒಂದೊಂದಾಗಿ ಬಿಡಿಸಿ ನೋಡಿ, ಆಮೇಲೆ ರವಿರಾಜರನ್ನು ಕರೆದು ಒಂದು ವಿಚಿತ್ರ ಪ್ರಶ್ನೆ ಕೇಳಿದರು. ನೀನು ಹೈಸ್ಕೂಲಿನಲ್ಲಿದ್ದಾಗ ನಾನೊಂದು ಜಪಾನಿನ ಆಟದ ಪೆಟ್ಟಿಗೆ ತಂದು ಕೊಟ್ಟಿದ್ದೆನಲ್ಲ, ಅದು ಇದೆಯಾ, ಬಿಸಾಡಿದಿರಾ?

ಆ ಪೆಟ್ಟಿಗೆಯ ಕಥೆ ನಮ್ಮ ಮನೆಯಲ್ಲಿ ಹಳೆಯ ತಮಾಷೆ. ಎಲ್ಲರ ಮಾವಂದಿರು ವಿದೇಶದಿಂದ ಟೇಪ್ ರೆಕಾರ್ಡರ್ ತಂದರೆ ಇವರು ತಂದದ್ದು ಪ್ಲೇಸ್ಟೇಷನ್ ಎಂಬ ಬೂದು ಬಣ್ಣದ ಪೆಟ್ಟಿಗೆ, ಅದರ ಜೊತೆ ಒಂದು ದುಂಡನೆಯ ಹಿಡಿಕೆ, ಒಂದೇ ಒಂದು ಡಿಸ್ಕು. ಕಾರು ಓಡಿಸುವ ಆಟ ಇರಬಹುದೆಂದು ಬಾಯಿ ಚಪ್ಪರಿಸಿಕೊಂಡು ಕೂತ ರವಿರಾಜರಿಗೆ ಟಿವಿಯಲ್ಲಿ ಕಂಡದ್ದು ತುಂಬ ಮೊಳೆ ಹೊಡೆದ ಒಂದು ಹಲಗೆ, ಮತ್ತು ಮೊಳೆಗಳ ಮಧ್ಯೆ ಉದುರುವ ಉಕ್ಕಿನ ಗೋಲಿಗಳು. ಬರಹವೆಲ್ಲ ಜಪಾನಿ. ಎರಡು ದಿನ ಆಡಿ ಅಟ್ಟಕ್ಕೆ ಹಾಕಿದ್ದರು. 'ಜಪಾನಿಗೆ ಹೋಗಿ ಮೊಳೆ ತಂದವರು' ಎಂದು ಮಾವನನ್ನು ಆಗಿನಿಂದಲೂ ಕಾಡುತ್ತಲೇ ಬಂದಿದ್ದೆವು. ಮದುವೆಯಾಗಿ ಬಂದವಳು ನಾನೂ ಕಾಡಿದ್ದೆ.

ಮಾವ ಆ ದಿನ ವಿವರಿಸಿ ಹೇಳಿದರು. ಆ ಆಟದ ಹೆಸರು ಪಚಿಂಕೊ. ಜಪಾನಿನ ಪೇಟೆಗಳಲ್ಲಿ ಅದಕ್ಕೆಂದೇ ದೊಡ್ಡ ದೊಡ್ಡ ಅಂಗಡಿ, ಸಾಲಾಗಿ ಯಂತ್ರ, ಒಳಗೆ ಹೋದರೆ ಜಲ್ಲಿ ಸುರಿದ ಹಾಗೆ ಶಬ್ದ. ಯಂತ್ರದ ಬಲಗಡೆ ಒಂದು ಹಿಡಿಕೆ. ಅದನ್ನು ಸ್ವಲ್ಪ ತಿರುಗಿಸಿ ಹಿಡಿದರೆ ಗೋಲಿಗಳು ಒಂದರ ಹಿಂದೊಂದು ಮೇಲಕ್ಕೆ ಚಿಮ್ಮುತ್ತವೆ. ಆ ಅಂಗಡಿಗಳ ಆಟವನ್ನೇ ಮನೆಯ ಟಿವಿಗೆ ಇಳಿಸಿ, ಹಿಡಿಕೆಯನ್ನೂ ಹಾಗೇ ಮಾಡಿ ಮಾರುತ್ತಿದ್ದರಂತೆ. ಬಂದರಿನ ಹತ್ತಿರದ ಅಂಗಡಿಯಲ್ಲಿ ಒಬ್ಬ ಮುದುಕ ನಡುಗುವ ಕೈಯಲ್ಲಿ ಆ ಹಿಡಿಕೆಯನ್ನು ಅಲುಗದ ಹಾಗೆ ಹಿಡಿದು ಕೂತಿದ್ದನ್ನು ಮಾವ ನೋಡಿದ್ದರು. ಅಕ್ಕನ ಕೈ ಕಂಡಾಗ ಅವರಿಗೆ ಆ ಮುದುಕನ ಕೈ ನೆನಪಾಗಿದೆ.

ನನಗೆ ನಂಬಿಕೆ ಬರಲಿಲ್ಲ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ರವಿರಾಜ್ ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದರು. ನಮ್ಮ ಕರೆಂಟಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ, ಕರೆಂಟು ಇಳಿಸುವ ಪೆಟ್ಟಿಗೆ ಬೇಕು ಎಂದು ಮಾವ ಎಚ್ಚರಿಸಿದ್ದರಿಂದ ಬ್ರಹ್ಮಾವರದವರೆಗೆ ಹೋಗಿ ಅದನ್ನೂ ತಂದರು. ಡಿಸ್ಕಿಗೆ ಬೂಸಲು ಹಿಡಿದಿತ್ತು. ನನ್ನ ಹಳೆಯ ಸೀರೆಯ ತುಂಡಿನಲ್ಲಿ ಒರೆಸಿ ಹಾಕಿದೆವು. ಸ್ವಲ್ಪ ಗೊರಗೊರ ಎಂದು, ಆಮೇಲೆ ಟಿವಿಯ ತುಂಬ ನೀಲಿ ಸಮುದ್ರ ಬಂತು. ಹಲಗೆಯ ನಡುವೆ ಮೀನು, ಏಡಿ, ಆಮೆಗಳ ಚಿತ್ರ ಮೂರು ಸಾಲಿನಲ್ಲಿ ತಿರುಗುತ್ತಿತ್ತು. ಗೋಲಿ ನಡುವಿನ ಸಣ್ಣ ಗುಳಿಗೆ ಬಿದ್ದಾಗಲೆಲ್ಲ ಚಿತ್ರ ತಿರುಗುತ್ತದೆ, ಮೂರೂ ಒಂದೇ ಬಂದರೆ ಕೆಳಗೊಂದು ಬಾಯಿ ತೆರೆದು ಗೋಲಿಗಳ ಸುರಿಮಳೆ. ಇಷ್ಟೇ ಆಟ.

ಎಲ್ಲ ಚೆನ್ನಾಗಿಯೇ ಇತ್ತು. ಹಾಳಾದ್ದು ಮಾವನ ಬಾಯಿ. ಗೆದ್ದರೆ ಜಪಾನಿನಲ್ಲಿ ಬಹುಮಾನ ಕೊಡುತ್ತಾರೆ ಎಂದು ಅವರು ಹೇಳಿದ್ದೇ ತಡ, ಅತ್ತೆ ಹಿಡಿಕೆಯಿಂದ ಕೈ ತೆಗೆದರು. ಅವರ ಅಪ್ಪ ಕೋಳಿ ಅಂಕದ ಜೂಜಿನಲ್ಲಿ ಗದ್ದೆ ಕಳೆದವರು. ಜುಗಾರಿಯನ್ನು ಈ ಮನೆಯ ಹೊಸ್ತಿಲು ದಾಟಿಸಬಾರದು, ತೆಗೆದುಕೊಂಡು ಹೋಗು ಎಂದು ತಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದರು. ಮಾವನ ಮುಖ ಸಣ್ಣದಾಯಿತು. ಆ ಮುಖ ನೋಡಿ ನನಗೆ ಎಲ್ಲಿಂದಲೋ ಒಂದು ಸುಳ್ಳು ಹೊಳೆಯಿತು.

"ಜುಗಾರಿ ಅಲ್ಲ ಅತ್ತೆ. ಅವರ ಊರಿನ ಚೆನ್ನೆಮಣೆ ಇದ್. ಗುಳಿ ಇತ್ತ್ ಕಾಣಿ, ಕಾಯಿ ಇತ್ತ್ ಕಾಣಿ. ಆಸಾಡಿಯಂಗೆ ಆಡುಕೆ ಎಂತ ಅಡ್ಡಿ?"

ಹದಿನಾಲ್ಕು ಗುಳಿಯ ಮಣೆಯಲ್ಲಿ ಕಾಯಿ ಹಂಚುತ್ತ ಹೋಗುವ ಚೆನ್ನೆಮಣೆ ಆಟ ನಮ್ಮ ಹೆಂಗಸರಿಗೆ ಆಸಾಡಿಯಲ್ಲಿ ಮಾತ್ರ ಸಿಗುವ ಸುಖ. ಗದ್ದೆ ಕೆಲಸ ಮುಗಿದು ಕೈ ಖಾಲಿಯಿರುವ ತಿಂಗಳು ಅದು. ಅತ್ತೆ ತಮ್ಮ ಕಾಲದಲ್ಲಿ ಎದುರಿಗೆ ಕೂತವರನ್ನು ಬರಿಗೈ ಮಾಡದೆ ಏಳಿಸಿದವರಲ್ಲ. ಟಿವಿಯನ್ನು ಇನ್ನೊಮ್ಮೆ ನೋಡಿದರು. ಗುಳಿ ಹೌದು, ಕಾಯಿ ಹೌದು. ಮಣೆಯನ್ನು ಗೋಡೆಗೆ ಒರಗಿಸಿದ್ದಾರೆ ಅಷ್ಟೇ ಅನ್ನಿಸಿರಬೇಕು. ಹಿಡಿಕೆಯ ಮೇಲೆ ಕೈ ಇಟ್ಟರು.

ಮೊದಮೊದಲು ಕೈ ಇಡುವುದೇ ಆಯಿತು. ಹಿಡಿಕೆಯೊಳಗೆ ಸ್ಪ್ರಿಂಗ್ ಇದೆ, ತಿರುಗಿಸಿ ಬಿಟ್ಟರೆ ವಾಪಸು ಹೋಗುತ್ತದೆ. ಹಾಗಾಗಿ ಅವರ ಕೈಯ ಮೇಲೆ ನನ್ನ ಕೈ ಇಟ್ಟು ನಾನೇ ತಿರುಗಿಸುತ್ತಿದ್ದೆ. ಮದುವೆಯಾಗಿ ಬಂದಾಗಿನಿಂದ ನಾವಿಬ್ಬರು ಜಗಳ ಆಡದ ವಾರ ಇಲ್ಲ, ಆದರೆ ಅವರ ಕೈಯನ್ನು ಅಷ್ಟು ಹೊತ್ತು ಹಿಡಿದು ಕೂತದ್ದು ಅದೇ ಮೊದಲು. ಬೆರಳ ಗೆಣ್ಣುಗಳಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು. ದೋಸೆ ಕಾವಲಿಯವು, ಒಲೆಯವು, ಬತ್ತ ಬೇಯಿಸುವ ಹಂಡೆಯವು. ನನ್ನ ಗಂಡನನ್ನು ಸಾಕಿದ ಕೈ ಅದು, ನನ್ನ ಬಾಣಂತನ ಮಾಡಿದ್ದೂ ಅದೇ. ಇಷ್ಟು ವರ್ಷ ಅವರ ಬಾಯಿಯನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಂಡಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಒಂದು ಮಧ್ಯಾಹ್ನ ನನ್ನ ಕೈಯಡಿ ಅವರ ಮಣಿಕಟ್ಟು ತಾನಾಗಿ ಅಲುಗಿದ ಹಾಗಾಯಿತು. ನಾನು ನನ್ನ ಕೈಯನ್ನು ಮೆಲ್ಲಗೆ ತೆಗೆದೆ. ಗೋಲಿಗಳು ನಿಲ್ಲಲಿಲ್ಲ. ಅವರಿಗೆ ಅದು ಗೊತ್ತೇ ಆಗಲಿಲ್ಲ, ಕಣ್ಣು ಟಿವಿಯ ಮೇಲಿತ್ತು. ಆ ಆಟದ ಮರ್ಮ ಇರುವುದೇ ಅಲ್ಲಿ. ಜಾಸ್ತಿ ತಿರುಗಿಸಿದರೆ ಗೋಲಿ ಹಲಗೆ ಹಾರಿ ಬಲಕ್ಕೆ ಹೋಗಿ ದಂಡ, ಕಡಿಮೆಯಾದರೆ ಚಿಮ್ಮಿದಲ್ಲೇ ವಾಪಸು. ನಡುವೆ ಒಂದು ಕೂದಲೆಳೆಯಷ್ಟು ಜಾಗ. ಅಲ್ಲಿ ತಂದು ನಿಲ್ಲಿಸಿ ಹಿಡಿದಿರಬೇಕು. ಕ್ಷಮಾ ಕೋಲು ಕೊಟ್ಟು ಗೋಗರೆದರೂ ಮಾಡದ ಕೆಲಸವನ್ನು ಅತ್ತೆ ಜಪಾನಿನ ಮೀನುಗಳಿಗಾಗಿ ಬೆಳಿಗ್ಗೆಯೂ ಮಾಡಿದರು, ಸಂಜೆಯೂ ಮಾಡಿದರು. ಮೊದಲ ಸಲ ಮೂರು ಏಡಿ ಒಂದೇ ಸಾಲಿಗೆ ಬಂದು, ಟಿವಿ ಕುಣಿದು ಕುಪ್ಪಳಿಸಿ, ಮೊಮ್ಮಗಳು ಪ್ರೇಕ್ಷಾ ಚಪ್ಪಾಳೆ ತಟ್ಟಿದಾಗ, ಅತ್ತೆ ಮುಖದ ಗೆರೆ ಬದಲಿಸದೆ ಹೇಳಿದರು: "ಮೂರ್ ಏಡಿ ಸಿಕ್ತ್. ಇವತ್ತಿನ ಸಾರಿಗ್ ಸಾಕ್."

ಕ್ಷಮಾ ಕೈ ಪರೀಕ್ಷಿಸಿ, ಯಾವ ವ್ಯಾಯಾಮ ಎಂದು ಕೇಳಿದಳು. ನಾನು ನಿಜ ಹೇಳಿದೆ. ಅವಳು ನಗಲಿಲ್ಲ. ಏನು ಮಾಡುತ್ತೀರೋ ಅದನ್ನೇ ಮಾಡಿ, ಒಂದು ದಿನವೂ ಬಿಡಬೇಡಿ ಎಂದಳು. ಬೆರಳು ಹಿಡಿಯುವುದನ್ನು ಕಲಿಯುತ್ತಿತ್ತು, ಆದರೆ ಅನ್ನ ಕಲಸಿ ತುತ್ತು ಎತ್ತುವಷ್ಟು ಇನ್ನೂ ಬಂದಿರಲಿಲ್ಲ. ಒಳಕೋಣೆಯ ಬಾಗಿಲು ಊಟದ ಹೊತ್ತಿಗೆ ಇನ್ನೂ ಮುಚ್ಚಿಯೇ ಇರುತ್ತಿತ್ತು.

ಹೀಗಿರುವಾಗ ಆಸಾಡಿ ಮುಗಿದು, ಮುಂದಿನ ಸೋಣೆ ತಿಂಗಳು ಹುಟ್ಟುವ ಸಂಕ್ರಮಣ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಟಿವಿಯ ಎದುರು ನಿಂತು ಎಡಗೈಯಲ್ಲಿ ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಕಟ್ಟಿ ಅಟ್ಟಕ್ಕೆ ಹಾಕುವುದಕ್ಕೆ ರವಿರಾಜರಿಗೆ ಹೇಳು ಎಂದರು. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಚೆನ್ನೆಮಣೆಯನ್ನು ಸೋಣೆ ತಿಂಗಳಲ್ಲಿ ಆಡುವ ಹಾಗಿಲ್ಲ. ಸಂಕ್ರಮಣಕ್ಕೆ ಒರೆಸಿ ಮೇಲಿಡಬೇಕು, ಆಮೇಲೆ ಯಾರಾದರೂ ಕಾಯಿ ಮುಟ್ಟಿದರೆ ಮನೆಗೆ ಆಗಿಬರುವುದಿಲ್ಲ. ಅತ್ತೆಯ ತವರಿನಲ್ಲಿ ಇದು ಕಲ್ಲಿನ ಮೇಲೆ ಬರೆದ ನಿಯಮ.

ರವಿರಾಜ್ ಸಮಾಧಾನದಲ್ಲಿ ಹೇಳಿ ನೋಡಿದರು. ರಾಜೇಂದ್ರ ಮಾವ ಫೋನಿನಲ್ಲಿ ಜಪಾನಿನಲ್ಲಿ ವರ್ಷವಿಡೀ ಆಡುತ್ತಾರೆಂದು ಆಣೆ ಮಾಡಿದರು. ಜಪಾನಿಗೆ ಆಗಿಬರಬಹುದು, ತೆಕ್ಕಟ್ಟೆಗೆ ಬರಲಿಕ್ಕಿಲ್ಲ ಎಂದು ಉತ್ತರ. ನನ್ನ ತಾಳ್ಮೆ ಮೊದಲೇ ಚಿಟಿಕೆಯಷ್ಟು. ಪಾತ್ರೆ ಕುಕ್ಕಿದೆ, ಕೈ ಬರದಿದ್ದರೆ ಹೊಸ ಅಕ್ಕಿಯ ಹೊಸ್ತಿನ ಊಟವನ್ನೂ ಬಾಗಿಲು ಹಾಕಿಕೊಂಡೇ ಉಣ್ಣಬೇಕಾದೀತು ಎಂದೆ, ಕೊನೆಗೆ ಆದದ್ದಾಗಲಿ ಎಂದು ಬಾಯಿ ಬಿಟ್ಟೆ.

"ಅದ್ ಚೆನ್ನೆಮಣೆಯೇ ಅಲ್ಲ ಅತ್ತೆ. ನಿಮ್ಮನ್ ಕೂರ್ಸುಕೆ ನಾನ್ ಸುಳ್ಳ್ ಹೇಳದ್."

ಅತ್ತೆ ಒರೆಸುವುದನ್ನು ನಿಲ್ಲಿಸದೆ ಹೇಳಿದರು.

"ಆಡುಕೆ ಚೆನ್ನೆಮಣೆ, ಎತ್ತಿಡುಕೆ ಅಲ್ದಾ? ಹಾಂಗೆಲ್ಲ ಆತಿಲ್ಲೆ ಹೆಣೆ."

ನನ್ನ ಮಾತಿನ ಬಲೆಯಲ್ಲಿ ನಾನೇ ಬಿದ್ದಿದ್ದೆ. ಪೆಟ್ಟಿಗೆ ಅಟ್ಟ ಸೇರಿತು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಅವರೂ ಬಿಟ್ಟರು. ಅಂಗೈ ಮಡಿಲಲ್ಲಿ ಮೇಲೆ ಮಾಡಿಟ್ಟುಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದರು. ಹೈವೇಯಲ್ಲಿ ಹೋಗುವ ಬಸ್ಸು ನೋಡುತ್ತಿದ್ದ ಆ ಮುಖ ಕಂಡರೆ ಕೋಪ ಬರುವಷ್ಟೇ ಅಳುವೂ ಬರುತ್ತಿತ್ತು. ಕೈ ಮರೆತುಬಿಡುತ್ತದೆ ಎಂದು ಕ್ಷಮಾ ಹೇಳಿದ್ದು ಕಿವಿಯಲ್ಲೇ ಇತ್ತು.

ಮೂರನೆಯ ದಿನ ಮಿಕ್ಸಿ ಕೆಟ್ಟಿತು. ಮೀನಿನ ಸಾರಿಗೆ ತೆಂಗಿನಕಾಯಿ ಬೇಕಲ್ಲ, ಕಲ್ಲಿನಲ್ಲಿ ಅರೆದರಾಯಿತೆಂದು, ಯಾವತ್ತೋ ಮೂಲೆಗೆ ಸೇರಿದ್ದ ಹೆರೆಮಣೆ ತೆಗೆದು ತುರಿಯಲು ಕೂತೆ. ಚೂರು ಮಾಡಿ ಮಿಕ್ಸಿಗೆ ಹಾಕಿ ಅಭ್ಯಾಸವಾದವಳಿಗೆ ತುರಿಯುವ ಕೈ ಎಲ್ಲಿಂದ ಬರಬೇಕು? ಒಂದು ಕಡೆ ಬಿಳಿ ಹಾಗೇ ಉಳಿದಿದೆ, ಇನ್ನೊಂದು ಕಡೆ ಕರಟದ ಕಪ್ಪು ಸಮೇತ ಬಂದಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ನೋಡಿದರು, ಕೊನೆಗೆ ತಡೆಯಲಾಗಲಿಲ್ಲ. ಮೌನ ಮುರಿದದ್ದು ನನ್ನ ಮೇಲಿನ ಪ್ರೀತಿಯಿಂದ ಅಲ್ಲ, ಹಾಳಾಗುತ್ತಿದ್ದ ಕಾಯಿಯ ಮೇಲಿನ ಕನಿಕರದಿಂದ. ಏಳು, ಕರಟ ತಿನ್ನಿಸಿ ನಮ್ಮನ್ನೆಲ್ಲ ಕೊಲ್ಲಬೇಡ ಎಂದು ನನ್ನನ್ನು ಎಬ್ಬಿಸಿ ತಾವು ಮಣೆಯ ಮೇಲೆ ಕೂತರು. ಎಡಗೈಯಲ್ಲಿ ಕಾಯಿ ಹೋಳು ಎತ್ತಿ ಬಲ ಅಂಗೈಗೆ ಇಟ್ಟುಕೊಂಡರು.

ಬೆರಳುಗಳು ಹೋಳಿನ ಸುತ್ತ ಮಡಚಿದವು. ಹಿಡಿಕೆಯ ಸುತ್ತ ಮಡಚುತ್ತಿದ್ದವಲ್ಲ, ಹಾಗೆಯೇ. ಹೆರೆಮಣೆಯ ಹಲ್ಲಿನ ಮೇಲೆ ಹೋಳು ಒತ್ತಿ ಮಣಿಕಟ್ಟು ಸ್ವಲ್ಪ ಬಲಕ್ಕೆ ತಿರುಗಿಸಿದರು. ಜಾಸ್ತಿ ತಿರುಗಿಸಿದರೆ ಕರಟ ತಾಗುತ್ತದೆ, ಕಡಿಮೆಯಾದರೆ ಹಲ್ಲು ಹಿಡಿಯುವುದಿಲ್ಲ. ಬಿಳಿಯ ತುರಿ ಒಂದಿಷ್ಟು ತಟ್ಟೆಗೆ ಉದುರಿತು. ಆಮೇಲೆ ಹೋಳು ಜಾರಿ ನೆಲಕ್ಕೆ ಬಿದ್ದು ಉರುಳಿತು. ನಾನು ಎತ್ತಿ, ತೊಳೆದು, ಮತ್ತೆ ಅವರ ಅಂಗೈಯಲ್ಲಿಟ್ಟೆ. ಇನ್ನೂ ಅಲ್ಲಿ ನಿಂತಿದ್ದರೆ ಬಾಯಿ ಬಿಟ್ಟು ಅತ್ತುಬಿಡುತ್ತೇನೆ ಎನಿಸಿ ಹಿತ್ತಲಿಗೆ ಹೋದೆ.

ಮಿಕ್ಸಿ ರಿಪೇರಿಗೆ ಕೊಡಬೇಡಿ ಎಂದು ರವಿರಾಜರಿಗೆ ಹೇಳಿದೆ. ಸೋಣೆ ಪೂರ್ತಿ, ಚೌತಿ ಕಳೆದ ಮೇಲೂ, ನಮ್ಮ ಮನೆಯಲ್ಲಿ ಕಾಯಿ ಹಾಕದ ಪದಾರ್ಥವೇ ಆಗಲಿಲ್ಲ. ತುರಿ ಉಳಿದರೆ ನೆರೆಮನೆಗೂ ಹೋಗುತ್ತಿತ್ತು. ನನ್ನ ಅಡುಗೆಗೆ ಮಾತ್ರವಲ್ಲ, ನಾನು ಕಾಯಿ ಒಡೆಯುವ ರೀತಿಗೂ ಅತ್ತೆ ಬೈದರು. ಬೈಸಿಕೊಳ್ಳುತ್ತ ಒಳಗೊಳಗೇ ಕೈ ಮುಗಿಯುತ್ತಿದ್ದೆ. ಮೊಳೆ ತಂದ ಮಾವನಿಗೆ, ಆ ಹಿಡಿಕೆ ಮಾಡಿದ ಜಪಾನಿನವನಿಗೆ, ನಿಯಮ ಮುರಿಯದ ಈ ಹಟಮಾರಿ ಹೆಂಗಸಿಗೆ. ಆದರೂ ಊಟದ ಹೊತ್ತಿಗೆ ಅವರು ಬಟ್ಟಲು ಹಿಡಿದು ಒಳಕೋಣೆಗೇ ಹೋಗುತ್ತಿದ್ದರು. ಒಳಗೆ ಚಮಚದ ಶಬ್ದ ಕೇಳುತ್ತದೋ ಇಲ್ಲವೋ ಎಂದು ನಾನು ಬಾಗಿಲಿಗೆ ಕಿವಿ ಕೊಟ್ಟದ್ದುಂಟು. ಏನೂ ತಿಳಿಯಲಿಲ್ಲ.

ನವರಾತ್ರಿಯ ಸಮಯದಲ್ಲಿ ನಮ್ಮ ಮನೆಯ ಹೊಸ್ತು. ಗದ್ದೆಯ ಹೊಸ ಕದಿರು ತಂದು ಮನೆ ತುಂಬಿಸಿ, ಹೊಸ ಅಕ್ಕಿಯ ಅನ್ನ ಮಾಡಿ, ಎಲ್ಲರೂ ಒಟ್ಟಿಗೆ ಎಲೆ ಹಾಕಿ ಉಣ್ಣುವ ದಿನ. ಶಿರೂರಿನಿಂದ ರಾಜೇಂದ್ರ ಮಾವನೂ ಬಂದಿದ್ದರು. ಆ ದಿನ ಕಿರಿಯರು ತುತ್ತು ಎತ್ತುವ ಮೊದಲು ಹಿರಿಯರ ಕಡೆ ತಿರುಗಿ 'ಹೊಸ್ತ್ ಉಂತೆ', ಹೊಸ ಅನ್ನ ಉಣ್ಣುತ್ತೇನೆ, ಎಂದು ಹೇಳಿ ಒಪ್ಪಿಗೆ ಕೇಳಬೇಕು. ಹಿರಿಯರು 'ಉಣ್' ಎಂದ ಮೇಲೆಯೇ ಊಟ. ಹಿರಿಯರು ಮುಂಬೈಯಲ್ಲಿದ್ದರೆ ಫೋನು ಮಾಡಿಯಾದರೂ ಕೇಳುವವರಿದ್ದಾರೆ.

ಅತ್ತೆ ಕರೆಯದೆಯೇ ಬಂದು ಪಂಕ್ತಿಯ ತಲೆಗೆ ಕೂತರು. ಅವರಿಗೆ ಎಲ್ಲರೆದುರು ಅವಮಾನವಾಗಬಾರದೆಂದು ಎಲೆಯ ಪಕ್ಕ, ಸೆರಗಿನ ಮರೆಯಲ್ಲಿ, ಒಂದು ಚಮಚ ಇಟ್ಟೆ. ಅವರು ಅದನ್ನು ಎಡಗೈಯಿಂದ ರಾಜೇಂದ್ರ ಮಾವನ ಎಲೆಯ ಕಡೆ ತಳ್ಳಿದರು. ಹಡಗಿನಲ್ಲಿ ಅಭ್ಯಾಸ ಆಗಿರಬಹುದು, ಅವನಿಗಿರಲಿ ಎಂದರು. ಬಡಿಸಿ ಮುಗಿಸಿ ನಾನೂ ಕೂತೆ.

ಪ್ರೇಕ್ಷಾ ಮೊದಲು ಕೇಳಿದಳು, ಆಮೇಲೆ ನಾನು, ರವಿರಾಜ್, ಮಾವ. ಎಲ್ಲರಿಗೂ ಅತ್ತೆ 'ಉಣ್' ಎಂದರು, ಆದರೆ ಅವರ ಅನುಮತಿ ಸಿಕ್ಕಿದರೂ ಯಾರೂ ಎಲೆಗೆ ಕೈ ಹಾಕಲಿಲ್ಲ. ಅತ್ತೆಗೆ ಕೇಳುವುದಕ್ಕೆ ಮನೆಯಲ್ಲಿ ಹಿರಿಯರಿಲ್ಲ. ಪ್ರತಿ ವರ್ಷ ಗೋಡೆಯ ಮೇಲಿನ, ತೀರಿಹೋದ ಗಂಡನ ಫೋಟೋದ ಕಡೆ ನೋಡಿ ಒಂದು ಮಾತು ಹೇಳಿ ಉಣ್ಣುತ್ತಿದ್ದರು. ಈ ಸಲವೂ ಅತ್ತ ನೋಡುತ್ತಾರೆಂದು ಕಾದೆ. ಅವರು ಅತ್ತ ನೋಡಲಿಲ್ಲ. ಬಲಗೈಯನ್ನು ಅನ್ನದ ಮೇಲಿಟ್ಟು, ಪೂರ್ತಿಯಾಗಿ ನನ್ನ ಕಡೆ ತಿರುಗಿದರು.

"ಪ್ರಫುಲ್ಲಾ, ಹೊಸ್ತ್ ಉಂತೆ."

ಅತ್ತೆಯಾದವರು ಸೊಸೆಗೆ ಕೇಳುವ ಮಾತಲ್ಲ ಅದು. ಯಾವ ಮನೆಯಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ. ಎಲ್ಲದಕ್ಕೂ ತಿರುಗಿಸಿ ಉತ್ತರ ಕೊಡುವವಳೆಂದು ಹೆಸರಾದ ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಅವರು ಕಾದರು. ನಾನು ಹೇಳದೆ ಅವರು ಉಣ್ಣುವವರಲ್ಲ ಎಂದು ಗೊತ್ತಿತ್ತು.

"ಉಣ್ಣಿ ಅತ್ತೆ" ಎಂದೆ.

ಅತ್ತೆ ಅನ್ನ ಕಲಸಿದರು. ಮೊದಲ ತುತ್ತಿನಲ್ಲಿ ಅರ್ಧ ಎಲೆಗೇ ಬಿತ್ತು, ಉಳಿದರ್ಧ ಬಾಯಿಗೆ ಹೋಯಿತು. ಅಗಿದು ನುಂಗಿ, ನನ್ನ ಸಾರಿಗೆ ಹುಳಿ ಕಡಿಮೆಯಾಗಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಎರಡನೆಯ ತುತ್ತಿಗೆ ಕೈ ಹಾಕಿದರು.